ನಾನಪ್ಪನ ಹಾಜರಿ

ಗೋವೆಯ ವಾಸ್ಕೋದಲ್ಲಿ, ಮಂಗೋರ್ ಹಿಲ್ ಎಂಬ ಗುಡ್ಡದ ನೀರಿನ ಟಾಕಿಯ ಹಿಂದಿನ ಓಣಿಗೆ ಹೋಗಿ ಸೋಫಿಯಾಳ ಮನೆ ಎಲ್ಲಿ ಎಂದು ಕೇಳಿದರೆ ಸಣ್ಣ ಮಕ್ಕಳೂ ತೋರಿಸುತ್ತವೆ. ಮೊದಲ ಪರಮಪ್ರಸಾದದ ಹುಡುಗಿಯರಿಗೆ ಬಿಳಿ ಫ್ರಾಕು, ಮದುಮಗಳಿಗೆ ನೆಲ ಗುಡಿಸುವಂಥ ಗೌನು, ಸತ್ತವರ ಮನೆಯವರಿಗೆ ಒಂದೇ ಸಂಜೆಯಲ್ಲಿ ಕರಿ ಜಂಪರು, ಎಲ್ಲವೂ ಅವಳ ಮಶಿನ್ನಿನ ಕೆಳಗೇ ಹಾದುಹೋಗಬೇಕು. ಆಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳೆಂದರೆ ಮುಗಿಯಿತು, ಟೇಪು ಹಿಡಿಯುವುದು ಬರೀ ಶಾಸ್ತ್ರಕ್ಕೆ. ಅಂಥವಳು ಈ ನವೆಂಬರಿನಲ್ಲಿ ಒಂದು ಬಿಳಿ ಚೀಲ ಹೊಲಿಯಲು ಅಳತೆ ತಿಳಿಯದೆ ಸುಮ್ಮನೆ ಕೂತಳು. ಕೊನೆಗೆ ಸಮಾಧಿ ಅಗೆಯುವ ಚಂದಪ್ಪನನ್ನೇ ಕೇಳಬೇಕಾಯಿತು.

“ತಲಿದಿಂಬಿನ ಗಲೀಪಿನಷ್ಟು ಸಾಕ್ರಿ ಅಕ್ಕಾರ,” ಎಂದ ಚಂದಪ್ಪ.

ಅವಳಪ್ಪ ನಾನಪ್ಪ ಬಾಗಿಲಲ್ಲಿ ತಲೆ ಬಗ್ಗಿಸದೆ ಎಂದೂ ಒಳಗೆ ಬಂದವನಲ್ಲ, ಅಷ್ಟು ಎತ್ತರದ ಆಳು. ಅವನು ತಲೆದಿಂಬಿನ ಗಲೀಪಿನಲ್ಲಿ ಹಿಡಿಯುತ್ತಾನೆ ಎಂಬ ಮಾತನ್ನು ನುಂಗಿಕೊಳ್ಳಲು ಸೋಫಿಯಾಳಿಗೆ ಒಂದಿಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಬಟ್ಟೆಯನ್ನು ಎರಡು ಬೆರಳು ದೊಡ್ಡದಾಗಿಯೇ ಕತ್ತರಿಸಿದಳು. ಅಪ್ಪನಿಗೆ ಇಕ್ಕಟ್ಟಾಗಬಾರದಲ್ಲ.

ಗೋವೆಯ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಇಗರ್ಜಿಯ ಹಿಂದಿನ ಸಮಾಧಿ ಭೂಮಿ ಇರುವುದು ಅಂಗೈಯಷ್ಟು, ಸಾಯುವವರಿಗೇನೂ ಕಡಿಮೆಯಿಲ್ಲ. ಹಾಗಾಗಿ ಹೆಚ್ಚಿನವರಿಗೆ ಮಣ್ಣು ಸಿಗುವುದು ಮೂರು ವರ್ಷದ ಮಟ್ಟಿಗೆ. ಆಮೇಲೆ ಸಮಾಧಿ ತೆರೆದು, ಎಲುಬು ಆಯ್ದು, ಬಿಳಿ ಚೀಲದಲ್ಲಿ ಕಟ್ಟಿ, ಗೋಡೆಯಲ್ಲಿ ಸಾಲಾಗಿ ಮಾಡಿಟ್ಟ ಗೂಡುಗಳಲ್ಲಿ ಒಂದರೊಳಗೆ ಇಟ್ಟು, ಹೆಸರು ಕೆತ್ತಿದ ಕಲ್ಲು ಮುಚ್ಚುತ್ತಾರೆ. ಗೂಡು ಹಿಡಿಯಲಾಗದವರ, ಹೇಳಕೇಳುವವರಿಲ್ಲದವರ ಎಲುಬು ಮೂಲೆಯಲ್ಲಿರುವ ಬಾವಿಯಂಥ ಗುಂಡಿಗೆ ಹೋಗುತ್ತದೆ. ಆ ಗುಂಡಿಗೊಂದು ಕಲ್ಲಿನ ಮುಚ್ಚಳ ಉಂಟು, ಹೆಸರು ಮಾತ್ರ ಯಾರದೂ ಇಲ್ಲ. ನಾನಪ್ಪ ಸತ್ತು ಮೂರು ವರ್ಷ ತುಂಬಿತ್ತು. ಮಗ ಇನ್ನಾಸಪ್ಪ ಗೋಡೆಯಲ್ಲಿ ಒಳ್ಳೆಯ ಗೂಡು ಹಿಡಿದು, ಕರಿ ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಅಪ್ಪನ ಹೆಸರು ಕೆತ್ತಿಸಿ ತಂದಿಟ್ಟಿದ್ದ. ಆದರೆ ಅಪ್ಪ ಸೋಫಿಯಾಳಿಂದ ಬೇರೆಯೇ ಮಾತು ತೆಗೆದುಕೊಂಡಿದ್ದ. ಅದನ್ನು ಅವಳು ಮೂರು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದಳು.

ನಾನಪ್ಪನ ಊರು ರಾಯಚೂರು ಕಡೆಯ ಮುದಗಲ್ಲು. ಜ್ಞಾನಸ್ನಾನದ ಹೆಸರು ಜ್ಞಾನಪ್ರಕಾಶ. ಅಷ್ಟುದ್ದದ ಹೆಸರು ಹೊಲದಲ್ಲಿ ನಿಂತು ಕೂಗಲು ಬರುತ್ತದೆಯೇ? ಮನೆಯವರು ಜ್ಞಾನಪ್ಪ ಎಂದರು, ಓಣಿಯವರು ಅದನ್ನೂ ಸವೆಸಿ ನಾನಪ್ಪ ಮಾಡಿದರು. ಆ ಊರಿನ ಕ್ರಿಸ್ತುವರು ಇಂದು ನಿನ್ನೆಯವರಲ್ಲ. ಅಜ್ಜನ ಅಜ್ಜನ ಗೋರಿಯ ಮೇಲೆ ಕೂತು ಮಕ್ಕಳು ಹುಣಸೆಹಣ್ಣು ಚೀಪುವ ಊರು ಅದು. ಅಲ್ಲಿ ಸತ್ತವನಿಗೆ ಕೊಟ್ಟ ನೆಲ ಸತ್ತವನದೇ, ಅದನ್ನು ವಾಪಸು ಕೇಳುವ ಮಾತು ಯಾರ ಕನಸಿನಲ್ಲೂ ಬರುವಂಥದ್ದಲ್ಲ.

ಕೆಟ್ಟು ಪಟ್ಟಣ ಸೇರು ಅನ್ನುತ್ತಾರೆ. ನಾನಪ್ಪ ಕೆಟ್ಟಿರಲಿಲ್ಲ, ಆದರೂ ಪೋರ್ತುಗೀಜರು ಹೋದ ಮರುವರ್ಷವೇ ವಾಸ್ಕೋ ಸೇರಿ ಬಂದರಿನಲ್ಲಿ ಕೂಲಿಗೆ ನಿಂತ. ಹಡಗಿನ ಹೊಟ್ಟೆಯೊಳಗೆ ಇಳಿದು ಅದಿರು ಸರಿಮಾಡುವ ಕೆಲಸ. ಬೆಳಿಗ್ಗೆ ಇಳಿಯುವ ಮುಂಚೆ ಮುಕಾದಮ ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ತಗೊಳ್ಳುತ್ತಿದ್ದ, ಸಂಜೆ ಮೇಲೆ ಬಂದಮೇಲೆ ಮತ್ತೊಮ್ಮೆ. ಸಂಜೆಯ ಹಾಜರಿ ಮುಗಿಯದೆ ಹಡಗಿನ ಹೊಟ್ಟೆಯ ಮುಚ್ಚಳ ಎಳೆಯುವಂತಿರಲಿಲ್ಲ. ಒಂದು ಸಂಜೆ ಒಂದು ಹೆಸರಿಗೆ ಉತ್ತರ ಬರಲಿಲ್ಲ. ಕುಡಿದು ಎಲ್ಲೋ ಬಿದ್ದಿರಬೇಕು ಎಂದು ಮುಕಾದಮ ಮುಂದಿನ ಹೆಸರಿಗೆ ಹೋಗುವುದರಲ್ಲಿದ್ದ, ನಾನಪ್ಪ ಮುಚ್ಚಳಕ್ಕೆ ಕಾಲು ಅಡ್ಡ ಕೊಟ್ಟು ನಿಂತುಬಿಟ್ಟ. ಇಳಿದು ನೋಡಿದರೆ ಆ ಆಳು ಅದಿರಿನಲ್ಲಿ ಎದೆಮಟ್ಟ ಹೂತು ಎಚ್ಚರ ತಪ್ಪಿ ಕೂತಿದ್ದ. ಬದುಕಿದ. ನಾನಪ್ಪನಿಗೆ ಬೈಬಲ್ಲಿನಲ್ಲಿ ಎಷ್ಟು ನಂಬಿಕೆಯೋ ಆವತ್ತಿನಿಂದ ಹಾಜರಿಯಲ್ಲೂ ಅಷ್ಟೇ ನಂಬಿಕೆ.

ಅದನ್ನು ಅವನು ಮನೆಗೂ ತಂದ. ಸಂಜೆಯ ಜಪಸರಕ್ಕೆ ಮುಂಚೆ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಇನ್ನಾಸ. ಅದೀನಪಾ. ಸಿಸ್ಲಿ. ಅದೀನಪಾ. ಸೋಫಿ. ಅವಳಿಗಿನ್ನೂ ಮಾತು ಬರದಾಗ ಅವ್ವ ಮರಿಯಮ ಅವಳ ಕೈ ಎತ್ತಿ ತೋರಿಸುತ್ತಿದ್ದಳಂತೆ. ಎಲ್ಲರೂ ಒಳಗಿದ್ದಾರೆ ಎಂದು ಖಾತ್ರಿಯಾದ ಮೇಲೆ ಚಿಲಕ ಹಾಕಿ, ಶಿಲುಬೆಯ ಗುರುತು ಮಾಡಿ, ಜಪ ಶುರು. “ಮನಿ ಅಂದ್ರ ಹಡಗು ಅಂತ ತಿಳಕೊಂಡಾನ,” ಎಂದು ಮರಿಯಮ ನೆರೆಯವರ ಮುಂದೆ ಗಂಡನನ್ನು ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಹಾಜರಿಯ ಹೊತ್ತಿಗೆ ಒಲೆಯಿಂದೆದ್ದು ಕೈ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಹಾಗೆ ನೋಡಿದರೆ ಅಂಥ ಗಂಡ ಆ ಗುಡ್ಡದಲ್ಲಿ ಇನ್ನೊಬ್ಬನಿರಲಿಲ್ಲ. ಬಂದರಿನ ಗೆಳೆಯರು ಸಂಜೆ ಫೆನಿಯ ಅಂಗಡಿಗೆ ತಿರುಗಿದರೆ ಇವನು ಮನೆಗೆ ಬಂದು ಬೆಳ್ಳುಳ್ಳಿ ಸುಲಿಯುತ್ತಿದ್ದ. ಭಾನುವಾರ ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಬಾಚುವುದು ಅವನ ಕೆಲಸ. ಮುಂದೆ ಎಷ್ಟೋ ವರ್ಷದ ಮೇಲೆ ಸೋಫಿಯಾ ಗಂಡನನ್ನು ಕಳೆದುಕೊಂಡು ಒಂದು ಪೆಟ್ಟಿಗೆ ಹಿಡಿದು ತವರಿಗೆ ಬಂದಾಗ, ಉಳಿದವರೆಲ್ಲ ಮುಂದೇನು ಎಂದು ಕೇಳಿದರು. ನಾನಪ್ಪ ಏನನ್ನೂ ಕೇಳದೆ ಆ ಸಂಜೆಯ ಹಾಜರಿಯಲ್ಲಿ ಅವಳ ಹೆಸರನ್ನು ಮೊದಲಿನ ಜಾಗದಲ್ಲೇ ಕರೆದ. ಅದೀನಪಾ ಎಂದು ಹೇಳಿ ಅವಳು ಅತ್ತಳು.

ಸಿಸ್ಲಿ ಹೋದದ್ದು ಆರನೇ ವಯಸ್ಸಿಗೆ, ಒಂದು ಮಳೆಗಾಲದಲ್ಲಿ, ಕಾಮಣಿಯಾಗಿ. ಕಣ್ಣು ಅರಿಶಿಣದ ಹಾಗಾಗಿದ್ದವು ಎಂದು ಇನ್ನಾಸಪ್ಪನಿಗೆ ಮಸುಕಾಗಿ ನೆನಪು. ಸೋಫಿಯಾಳಿಗೆ ಆಗ ನಾಲ್ಕು ತುಂಬಿರಲಿಲ್ಲ, ಅಕ್ಕನ ಮುಖವೇ ನೆನಪಿಲ್ಲ. ನಾನಪ್ಪ ಮಗಳ ಸಮಾಧಿಗೆ ಕೆಂಪು ಜಾಂಬಿಕಲ್ಲಿನ ಕಟ್ಟೆ ಕಟ್ಟಿದ, ತಲೆಯ ಕಡೆ ಅಬ್ಬಲಿಗೆ ಹಚ್ಚಿದ, ಪ್ರತಿ ಭಾನುವಾರ ನೀರು ಹಾಕಿದ. ಹಾಜರಿಯಲ್ಲಿ ಅವಳ ಹೆಸರು ಬಿಟ್ಟ. ಮಗಳು ಮಣ್ಣಲ್ಲಿದ್ದಾಳೆ, ಜಾಗ ಗೊತ್ತಿದೆ, ದೇವರ ಲೆಕ್ಕದಲ್ಲಿದ್ದಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಮೂರು ವರ್ಷದ ಮೇಲೆ ಒಂದು ಭಾನುವಾರ, ಕೊಂಕಣಿ ಪೂಜೆ ಮುಗಿದಾಗ, ಇಂತಿಂಥ ಕಾಲದ ಸಮಾಧಿಗಳನ್ನು ತೆರೆಯಲಾಗುವುದು, ಸಂಬಂಧಪಟ್ಟವರು ಬರಬೇಕು ಎಂದು ಸಾರಿದರು. ನಾನಪ್ಪ ಅಲ್ಲೇ ಇದ್ದ. ಕೊಂಕಣಿಯೂ ಅವನಿಗೆ ತಿಳಿಯುತ್ತಿತ್ತು. ಆದರೆ ಆ ಮಾತು ತನಗೆ ಹೇಳಿದ್ದು ಎಂದು ಅವನಿಗೆ ಹೊಳೆಯಲೇ ಇಲ್ಲ. ಹೂತ ಮಗಳನ್ನು ಹೊರಗೆ ತೆಗೆಯುತ್ತಾರೆ ಎಂಬುದು ಮುದಗಲ್ಲಿನವನ ತಲೆಗೆ ಹೋಗುವುದಾದರೂ ಹೇಗೆ? ಯಾರೋ ದೊಡ್ಡವರ ಹಳೆಯ ಗೋರಿ ದುರಸ್ತಿ ಇರಬೇಕು ಎಂದುಕೊಂಡು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಮೈಯಲ್ಲಿ ನೆಟ್ಟಗಿಲ್ಲದ ತಾಯಿಯನ್ನು ನೋಡಲು ಊರಿಗೆ ಹೋದ. ವಾಪಸು ಬಂದದ್ದು ನವೆಂಬರಿನ ಸತ್ತವರ ಹಬ್ಬದ ಹೊತ್ತಿಗೆ. ಮೇಣದಬತ್ತಿ ಹಿಡಿದು ನಾಲ್ವರೂ ಹೋದರೆ ಸಿಸ್ಲಿಯ ಜಾಗದಲ್ಲಿ ಹಸಿ ಮಣ್ಣಿನ ಗುಪ್ಪೆ, ಅದರ ಸುತ್ತ ಬೇರೆಯವರ ಕುಟುಂಬ. ಅವರು ಪಾಪ, ಇವರೂ ತಮ್ಮ ಸತ್ತವನಿಗೇ ಬತ್ತಿ ಹಚ್ಚಲು ಬಂದವರೆಂದು ತಿಳಿದು ಸರಿದು ಜಾಗ ಬಿಟ್ಟರು. ಅಬ್ಬಲಿಗೆ ಗಿಡವನ್ನು ಯಾರೋ ಕಿತ್ತು ಗೋಡೆಯ ಬುಡಕ್ಕೆ ಇಟ್ಟಿದ್ದರು. ಇಗರ್ಜಿಯ ಆಳನ್ನು ಕೇಳಿದಾಗ, ಯಾರೂ ಬರಲಿಲ್ಲ ಎಂದು ಹೇಳಿ ಮೂಲೆಯ ಗುಂಡಿ ತೋರಿಸಿದ. ಯಾರ ಮೇಲೂ ಸಿಟ್ಟು ಮಾಡುವಂತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಪದ್ಧತಿಯಂತೆ ನಡೆದಿದ್ದರು. ನಾನಪ್ಪನಿಗೆ ಅದೇ ದೊಡ್ಡ ಕಷ್ಟವಾಯಿತು. ಬೈಯಲು ಒಬ್ಬ ಸಿಕ್ಕಿದ್ದರೆ ಅರ್ಧ ದುಃಖ ಅಲ್ಲೇ ಹೋಗುತ್ತಿತ್ತು.

ಆ ಸಂಜೆಯಿಂದ ಅವನು ಹಾಜರಿಯಲ್ಲಿ ಮತ್ತೆ ಸಿಸ್ಲಿಯ ಹೆಸರು ಕರೆಯಲು ಶುರುಮಾಡಿದ. ಇನ್ನಾಸ. ಅದೀನಪಾ. ಸಿಸ್ಲಿ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಬಾಗಿಲ ಕಡೆ ನೋಡುತ್ತಾ ನಿಲ್ಲುತ್ತಿದ್ದ. ಆಮೇಲೆ ಗಂಟಲು ಸರಿಮಾಡಿಕೊಂಡು ಸಣ್ಣಗೆ ಕೆಮ್ಮಿ, ಸೋಫಿ ಎನ್ನುತ್ತಿದ್ದ. ಹಾಜರಿ ಪೂರ್ತಿಯಾಗದಿದ್ದ ಮೇಲೆ ಮುಚ್ಚಳ ಹಾಕುವುದೆಂತು? ಚಿಲಕ ಹಾಕುವುದನ್ನೇ ನಿಲ್ಲಿಸಿದ. ಗಾಳಿಗೆ ಬಡಿಯದಿರಲೆಂದು ಬಾಗಿಲಿಗೆ ಒಂದು ರುಬ್ಬುವ ಗುಂಡು ಒತ್ತರಿಸಿಡುತ್ತಿದ್ದರು, ಅಷ್ಟೇ. ವಾಸ್ಕೋದಂಥ ಊರಲ್ಲಿ ಚಿಲಕವಿಲ್ಲದೆ ಮಲಗುವುದೆಂದರೆ ಕಳ್ಳನಿಗೆ ಮನೆಯ ದಾರಿ ಹೇಳಿಕೊಟ್ಟಂತೆ. ಒಮ್ಮೆ ಹಿತ್ತಾಳೆ ಕೊಡ ಹೋಯಿತು, ಇನ್ನೊಮ್ಮೆ ಕ್ರಿಸ್ಮಸ್ಸಿಗೆಂದು ತಂದ ನಾನಪ್ಪನ ಹೊಸ ಬೂಟು. ಬಾಗಿಲು ತೆರೆದದ್ದು ಒಬ್ಬನಿಗಾದರೂ ಉಪಯೋಗಕ್ಕೆ ಬಂತಲ್ಲ ಎಂದು ಅವನು ಹಳೆಯ ಚಪ್ಪಲಿಯಲ್ಲೇ ಪೂಜೆಗೆ ಹೋದ. ಮಕ್ಕಳು ಬೆಳೆದರು, ಇನ್ನಾಸಪ್ಪ ಮಡ್ಕಯಿಯ ಕಾರ್ಖಾನೆ ಸೇರಿ ಅಲ್ಲೇ ಮನೆ ಮಾಡಿದ, ಹಂಚು ಹೋಗಿ ಸ್ಲ್ಯಾಬು ಬಂತು. ಆ ಒಂದು ಉಸಿರಿನ ಹೊತ್ತು ಮಾತ್ರ ಹಾಗೇ ಉಳಿಯಿತು. ಸೋಫಿಯಾಳಿಗೆ ಅಕ್ಕ ಎಂದರೆ ಅದೇ. ಅಷ್ಟು ವರ್ಷದಲ್ಲಿ ಮರಿಯಮ ಆ ಹೊತ್ತಿನಲ್ಲಿ ಒಮ್ಮೆಯೂ ತಲೆ ಎತ್ತಲಿಲ್ಲ, ಒಂದು ಮಾತೂ ಆಡಲಿಲ್ಲ. ಜಪಸರದ ಮಣಿ ಹಿಡಿದು ಕೂತಿರುತ್ತಿದ್ದಳು.

ಎಂಬತ್ತೆಂಟು ದಾಟಿದ ಮೇಲೆ ಬಂದ ಮಳೆಗಾಲದಲ್ಲಿ ನಾನಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಸೋಫಿಯಾ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ, ಮರಿಯಮ ಹೊರಗೆ ಹೋದದ್ದನ್ನು ನೋಡಿಕೊಂಡು ಹೇಳಿದ.

“ನನ್ನ ಎಲುಬು ಗ್ವಾಡ್ಯಾಗ ಇಡಬ್ಯಾಡ್ರಿ. ಆ ಗುಂಡ್ಯಾಗ ಹಾಕ್ರಿ. ಸಣ್ಣ ಕೂಸು, ಅಷ್ಟು ಮಂದ್ಯಾಗ ಒಬ್ಬಾಕೀನ ಅದಾಳ. ನಾ ಹೋಗಿ ಹುಡುಕತೇನಿ.”

ಆಯ್ತಪಾ ಎಂದಳು ಸೋಫಿಯಾ. ಬೇರೆ ಏನು ಹೇಳುವುದು? ಆಗ ಆ ಮಾತು ಹಗುರಾಗಿಯೇ ಬಾಯಿಂದ ಬಂತು. ಅದರ ಭಾರ ಗೊತ್ತಾದದ್ದು ಅವನು ಹೋದ ಮೇಲೆ.

ಅಪ್ಪನಿಲ್ಲದ ಮನೆಯಲ್ಲಿ ಹಾಜರಿ ಕರೆಯುವ ಸರದಿ ಸೋಫಿಯಾಳಿಗೆ ಬಂತು. ಇರುವವರು ಇಬ್ಬರೇ, ಆದರೂ ರೂಢಿ ಬಿಡಲಾಗಲಿಲ್ಲ. ದಫನಾಗಿ ವಾರ ಕಳೆದಿರಲಿಲ್ಲ. ಸಿಸ್ಲಿ ಎಂದು ಕರೆದು ನಿಂತಾಗ ಬಾಗಿಲ ಹೊರಗೆ ಕೆಮ್ಮು ಕೇಳಿಸಿತು. ಸಣ್ಣಗೆ ಗಂಟಲು ಸರಿಮಾಡಿಕೊಳ್ಳುವ ಅದೇ ಕೆಮ್ಮು. ಗುಂಡು ಸರಿಸಿ ನೋಡಿದಳು, ಓಣಿಯಲ್ಲಿ ಯಾರೂ ಇರಲಿಲ್ಲ. ಅವ್ವನನ್ನು ನೋಡಿದಳು, ಅವ್ವ ಮಣಿ ಎಣಿಸುತ್ತಿದ್ದಳು. ಆಮೇಲೆ ದಿನ ಬಿಟ್ಟು ದಿನ, ಕೆಲವೊಮ್ಮೆ ವಾರಗಟ್ಟಲೆ ಬಿಟ್ಟು, ಅದು ಬರುತ್ತಲೇ ಇತ್ತು. ಕೆಳಗಿನ ಮನೆಯ ಬಾಳಮ್ಮ ಒಂದು ದಿನ ನೀರಿನ ಸರದಿಯಲ್ಲಿ ನಿಂತಾಗ, “ನಿಮ್ಮಪ್ಪ ಇನ್ನಾ ಬಾಗಲದಾಗ ಅದಾನ ನೋಡ್ರಿ,” ಎಂದು ಬಿಟ್ಟಳು. ಏನು ಕೇಳಿದಳೋ, ಏನು ಕಂಡಳೋ, ಸೋಫಿಯಾ ಕೇಳಲು ಹೋಗಲಿಲ್ಲ. ದೆವ್ವ ಭೂತ ನಂಬಬಾರದು ಎಂದು ಕ್ರಿಸ್ತುವರಿಗೆ ಕಲಿಸಿರುತ್ತಾರೆ, ಅವಳು ನಂಬುತ್ತಲೂ ಇರಲಿಲ್ಲ. ಅಪ್ಪನಿಗೆ ಅವಳು ಹೆದರಲೂ ಇಲ್ಲ. ಜೀವಮಾನವೆಲ್ಲ ಇನ್ನೊಬ್ಬರು ಒಳಗೆ ಬರಲಿ ಎಂದು ಕಾದವನು ಈಗ ತಾನೇ ಹೊರಗೆ ನಿಂತಿದ್ದಾನೆ, ಕೊಟ್ಟ ಮಾತು ನಡೆಸದೆ ನಿಲ್ಲಿಸಿದವಳು ತಾನು ಎಂಬುದೇ ಅವಳ ಎದೆ ಕೊರೆಯುತ್ತಿತ್ತು. ಮೂರು ವರ್ಷ ತುಂಬುವತನಕ ಸಮಾಧಿ ತೆರೆಯುವಂತಿಲ್ಲ. ತೆರೆದ ಮೇಲೆ ಅಣ್ಣ ಬಿಡುವುದಿಲ್ಲ.

ಇನ್ನಾಸಪ್ಪನಿಗೆ ಹೇಳಿದ್ದು ಚೀಲ ಹೊಲಿದ ಮರುದಿನ. ಅವನು ಕೇಳಿದ, ಎದ್ದು ನಿಂತ, ಮತ್ತೆ ಕೂತ. ಅಪ್ಪನಿಗೆ ಆಗ ಜ್ವರ, ಭ್ರಮೆಯಲ್ಲಿ ಆಡಿದ ಮಾತು ಎಂದ. ಅನಾಥರ ಗುಂಡಿಗೆ ಹೆತ್ತ ತಂದೆಯನ್ನು ಎಸೆದರೆ ಇಗರ್ಜಿಗೆ ಯಾವ ಮುಖ ಹೊತ್ತು ಹೋಗಲಿ ಎಂದ. ತಪ್ಪಿಲ್ಲ, ಅವನೂ ಅಪ್ಪನನ್ನು ಪ್ರೀತಿಸಿದವನೇ. ಸಿಸ್ಲಿ ಹೆಸರಿಲ್ಲದ ಜಾಗಕ್ಕೆ ಹೋದ ಸಂಕಟವನ್ನು ಅವನು ಹತ್ತು ವರ್ಷದವನಾಗಿ ಕಂಡಿದ್ದ. ಅದಕ್ಕೇ ಅವನಿಗೆ ಬಂಗಾರದ ಅಕ್ಷರ ಬೇಕಾಗಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಅಣ್ಣ ತಂಗಿಯ ಮಾತು. ಅವ್ವನನ್ನು ಕೇಳೋಣವೆಂದರೆ ಅವಳು ಗೋಡೆಗೆ ಒರಗಿ ನಿದ್ದೆ ಮಾಡುವವಳಂತೆ ಕಣ್ಣು ಮುಚ್ಚಿದ್ದಳು.

ಸಮಾಧಿ ತೆರೆಯುವ ದಿನ ಬಿಸಿಲು ಚೆನ್ನಾಗಿತ್ತು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ಇಗರ್ಜಿಗೆ ಹೋದರು. ಚಂದಪ್ಪ ಸೊಂಟದವರೆಗೆ ಸಮಾಧಿಯಲ್ಲಿ ನಿಂತು, ಕೆಂಪು ಮಣ್ಣನ್ನು ಕೈಯಿಂದಲೇ ಬಿಡಿಸಿ, ಒಂದೊಂದಾಗಿ ಎತ್ತಿ ಕೊಟ್ಟ. ಸೋಫಿಯಾ ನೀರಲ್ಲಿ ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿದಳು. ಉದ್ದನೆಯ ಕಾಲೆಲುಬು ಬಂದಾಗ ಅವಳ ಕೈ ನಿಂತಿತು. ಬೇಸಿಗೆಯ ರಜೆಯಲ್ಲಿ ಅಪ್ಪ ಚಾಚಿದ ಆ ಕಾಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಯ್ಯಾಲೆ ಆಡಿಸುತ್ತಿದ್ದ. ಎಲ್ಲ ಚೀಲದಲ್ಲಿ ಹಿಡಿಯಿತು. ಎರಡು ಬೆರಳು ಜಾಗ ಉಳಿಯಿತು ಕೂಡ. ಅವಳಿಗೆ ಅದನ್ನು ನೋಡಲಾಗಲಿಲ್ಲ.

ಇನ್ನಾಸಪ್ಪ ಚೀಲವನ್ನು ಎತ್ತಿ ಎದೆಗೆ ಅವುಚಿಕೊಂಡು ಗೂಡಿನ ಗೋಡೆಯ ಕಡೆ ನಡೆದ. ಅಲ್ಲಿ ಅವನ ಹೆಂಡತಿ ಕರಿ ಕಲ್ಲನ್ನು ಒರೆಸಿ ಹಿಡಿದುಕೊಂಡಿದ್ದಳು, ಪೂಜೆಗೆ ಬರುವ ನಾಲ್ಕೈದು ಮನೆಯವರು ಹೂ ತಂದಿದ್ದರು. ಸೋಫಿಯಾ ಗೋಡೆಯ ಕಡೆ ಹೋಗದೆ ಮೂಲೆಗೆ ಹೋಗಿ, ಗುಂಡಿಯ ಮುಚ್ಚಳ ತೆಗೆ ಎಂದು ಚಂದಪ್ಪನಿಗೆ ಹೇಳಿದಳು. ಅವನು ಇಬ್ಬರನ್ನೂ ನೋಡಿ, ಹೊಂದಿಕೆಯಾದ ಮೇಲೆ ಹೇಳ್ರಿ ಎಂಬಂತೆ ನಿಂತ. ಆಮೇಲೆ ಅವಳ ಮುಖ ನೋಡಿ ಸಬ್ಬಲು ಹಾಕಿ ಕಲ್ಲನ್ನು ಸರಿಸಿದ. ಒಳಗಿಂದ ಬಂದದ್ದು ಒಣ ಮಣ್ಣಿನ ವಾಸನೆ, ಬೇರೇನಿಲ್ಲ.

ಸೋಫಿಯಾ ವಾದಕ್ಕೆ ಇಳಿಯಲಿಲ್ಲ. ಸಂಜೆ ಸಂಜೆ ಕೇಳಿದ ದನಿಯಲ್ಲಿ, ಅಪ್ಪ ಕರೆಯುತ್ತಿದ್ದ ಹಾಗೆ ಕರೆದಳು.

“ಇನ್ನಾಸ.”

ಐವತ್ತೇಳು ವರ್ಷದ, ಕಾರ್ಖಾನೆಯಲ್ಲಿ ಹತ್ತಾರು ಜನರಿಂದ ಕೆಲಸ ಮಾಡಿಸುವ ಮನುಷ್ಯ ಬೆನ್ನು ತಿರುಗಿಸಿ ನಿಂತವನು, ತಾನು ಏನು ಹೇಳುತ್ತಿದ್ದೇನೆ ಎಂದು ತಿಳಿಯುವ ಮೊದಲೇ, “ಅದೀನಪಾ,” ಎಂದ.

“ಸಿಸ್ಲಿ.”

ಅವಳು ಕಾದಳು. ಚಂದಪ್ಪ ಸಬ್ಬಲನ್ನು ಸದ್ದಾಗದಂತೆ ನೆಲಕ್ಕೆ ಊರಿದ. ಆ ಒಂದು ಉಸಿರಿನ ಹೊತ್ತು ತುಂಬಿ, ಮುಗಿದು, ಕೆಮ್ಮು ಬರಬೇಕಾದ ಕ್ಷಣವೂ ಹೋಯಿತು. ಕೆಮ್ಮು ಬರಲಿಲ್ಲ. ಇನ್ನಾಸಪ್ಪ ತಿರುಗಿದ. ಅವನ ಮುಖ ಹತ್ತು ವರ್ಷದವನ ಮುಖದಂತೆ ಕದಡಿ ಹೋಗಿತ್ತು. ನಡೆದು ಬಂದು, ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಚೀಲವನ್ನು ತಂಗಿಯ ಕೈಗೆ ಕೊಡದೆ ತಾನೇ ಎರಡೂ ಕೈಯಿಂದ ಆದಷ್ಟು ಕೆಳಕ್ಕೆ ಇಳಿಸಿ ಬಿಟ್ಟ.

“ಅಕಿ ಮೂಲ್ಯಾಗ ಕುಂತಿರತಾಳ, ಅಪಾ,” ಎಂದ ಅವನು ಗುಂಡಿಯೊಳಗೆ ಬಗ್ಗಿ. “ಮಂದಿ ಕಂಡ್ರ ನಾಚತಿದ್ಲು.”

ಸೋಫಿಯಾಳಿಗೆ ಅಕ್ಕನ ಬಗ್ಗೆ ಗೊತ್ತಿಲ್ಲದ ಮಾತು ಅದು. ಹೆಸರಿಗಿಂತ ಹೆಚ್ಚು ಆಕೆಯ ಬಗ್ಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಚಂದಪ್ಪ ಮುಚ್ಚಳ ಎಳೆದ. ಬಂಗಾರದ ಅಕ್ಷರದ ಕಲ್ಲನ್ನು ಇನ್ನಾಸಪ್ಪನ ಹೆಂಡತಿ ಸೆರಗಲ್ಲಿ ಸುತ್ತಿಕೊಂಡು ಬಂದಳು.

ಸಂಜೆ ಅಣ್ಣ ಮಡ್ಕಯಿಗೆ ಹೋಗದೆ ಅಲ್ಲೇ ಉಳಿದ. ಗುಂಡಿಗೆ ಹಾಕಿದ ಸಂಗತಿಯನ್ನು ಅವ್ವನಿಗೆ ಇಬ್ಬರೂ ಹೇಳಿರಲಿಲ್ಲ, ಹೇಗೆ ಹೇಳುವುದೆಂದು ತಿಳಿದಿರಲಿಲ್ಲ. ಜಪಸರದ ಹೊತ್ತಾಯಿತು. ಸೋಫಿಯಾ ಬಾಗಿಲ ಹತ್ತಿರ ನಿಂತು ಕರೆದಳು. ಇನ್ನಾಸ ಎಂದಾಗ ಅವನು ಓಗೊಟ್ಟ. ಸಿಸ್ಲಿ ಎಂದು ಕರೆದು, ರೂಢಿಯಂತೆ ಬಾಗಿಲ ಕಡೆ ನೋಡಿದಳು.

“ಅದಾಳ,” ಎಂದಳು ಮರಿಯಮ.

ಎಂಬತ್ತಮೂರು ವರ್ಷದ ದನಿ, ಆದರೆ ನಡುಗಲಿಲ್ಲ. ಕಣ್ಣು ಮಣಿಯ ಮೇಲೇ ಇತ್ತು.

“ಅಪ್ಪನ ಕೂಡ ಅದಾಳ. ಇನ್ನ ಬಾಗಲಾ ಹಾಕ್ರಿ, ಥಂಡಿ ಬರತೈತಿ.”

ಮಕ್ಕಳಿಬ್ಬರೂ ಅವಳನ್ನೇ ನೋಡಿದರು. ಅವಳಿಗೆ ಎಲ್ಲ ಗೊತ್ತಿತ್ತು. ಗಂಡನ ಮಾತೂ, ಮಕ್ಕಳ ಜಗಳವೂ. ಬಹುಶಃ ಆ ಕೆಮ್ಮೂ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಆ ಉತ್ತರವನ್ನು ಅವಳು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಳೇನೋ, ಸುಳ್ಳು ಹೇಳಲು ಬರದೆ ಸುಮ್ಮನಿದ್ದಳೇನೋ.

ಇನ್ನಾಸಪ್ಪ ರುಬ್ಬುವ ಗುಂಡನ್ನು ಸರಿಸಿ ಬಾಗಿಲು ಮುಚ್ಚಿದ. ಚಿಲಕ ತುಕ್ಕು ಹಿಡಿದು ಕೊಂಡಿಗೇ ಅಂಟಿಕೊಂಡಿತ್ತು. ಸೋಫಿಯಾ ಮಶಿನ್ನಿನ ಎಣ್ಣೆ ತಂದು ಬಿಟ್ಟಳು, ಬಟ್ಟೆ ಸುತ್ತಿ ಜಗ್ಗಿದಳು, ಕೊನೆಗೆ ಅಣ್ಣ ಅದೇ ಗುಂಡಿನಿಂದ ಮೆಲ್ಲಗೆ ಕುಟ್ಟಿದ ಮೇಲೆ ಕಿರ್ರೆಂದು ಸರಿದು ಕೂತಿತು. ಮೂವರೂ ಕಿವಿಗೊಟ್ಟರು. ಹೊರಗೆ ಯಾರೂ ಕೆಮ್ಮಲಿಲ್ಲ. ಬಂದರಿನ ಕಡೆಯಿಂದ ಒಂದು ಹಡಗು ಕೂಗಿತು, ಓಣಿಯಲ್ಲಿ ಯಾರದೋ ಸ್ಕೂಟರು ಹೋಯಿತು.

ಮೂರು ವರ್ಷದಿಂದ ಒಂದು ಹನಿ ಕಣ್ಣೀರು ಹಾಕದ ಸೋಫಿಯಾಳಿಗೆ ಆಗ ಅಪ್ಪ ಸತ್ತದ್ದು ಖರೆ ಅನ್ನಿಸಿತು. ಅವಳು ಚಿಲಕ ಹಿಡಿದುಕೊಂಡೇ ಅಳತೊಡಗಿದಳು. ಬೇಡ ಎಂದು ಯಾರೂ ಹೇಳಲಿಲ್ಲ. ಅಳು ನಿಲ್ಲುವತನಕ ಮರಿಯಮ ಮೊದಲ ಮಣಿಯನ್ನು ಬೆರಳಲ್ಲಿ ಹಿಡಿದು ಕಾದಳು. ಆಮೇಲೆ ಅವಳನ್ನು ಹೆಸರು ಹಿಡಿದು ಕರೆದಳು.

“ಸೋಫಿ.”

“ಅದೀನವಾ.”